ಅಶ್ವತ್ಥಪ್ಪ ಮೇಷ್ಟ್ರು ಹಾಡು ತಿದ್ದಿದ್ದು

ತಮಿಳುನಾಡಿಗೆ ಸೇರಿದ ಗಡಿಯೂರು ಹೊಸೂರಿನ ತಾಲ್ಲೂಕು ಕಚೇರಿಯ ಹಿಂದಿನ ಬೀದಿಯಲ್ಲಿ ಪಾಪಣ್ಣನ ರಾಗಿ ಮಿಷನ್ ಇತ್ತು. ಅದರ ಮಾಳಿಗೆಯ ಮೇಲೆ ಅಶ್ವತ್ಥಪ್ಪನವರ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟ್. ಕೆಳಗೆ ರಾಗಿ ಹಿಟ್ಟಾಗುತ್ತಿತ್ತು, ಮೇಲೆ ಇಂಗ್ಲಿಷ್ ಹಿಟ್ಟಾಗುತ್ತಿತ್ತು. ಕೆಳಗಿನಿಂದ ಬಂದವರ ಹುಬ್ಬಿನಲ್ಲಿ ಹಿಟ್ಟು, ಮೇಲಿನಿಂದ ಬಂದವರ ಬೆರಳಿನಲ್ಲಿ ಕಾರ್ಬನ್ ಮಸಿ. ಯಾರು ಯಾವ ವಿದ್ಯೆ ಮುಗಿಸಿ ಬರುತ್ತಿದ್ದಾರೆಂದು ಬೀದಿಯವರು ಕೇಳಬೇಕಾಗಿಯೇ ಇರಲಿಲ್ಲ.

ಅದು ಎಪ್ಪತ್ತರ ದಶಕದ ಕೊನೆ. ಮೂಕಂಡಪಲ್ಲಿಯ ಕಡೆ ಒಂದೊಂದಾಗಿ ಕಾರ್ಖಾನೆಗಳು ಏಳುತ್ತಿದ್ದವು. ಸುತ್ತಲ ಹಳ್ಳಿಗಳಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರೆಲ್ಲ ಲೋಯರ್, ಹೈಯರ್ ಎಂದು ಅಶ್ವತ್ಥಪ್ಪನವರ ಮೆಟ್ಟಿಲು ಹತ್ತುತ್ತಿದ್ದರು. ಮೇಷ್ಟ್ರು ಸಾಧಾರಣ ಮನುಷ್ಯ. ಸಂತೆಗೆ ಹೋದರೆ ಚೀಲ ಮರೆಯುತ್ತಿದ್ದರು, ಚೀಲ ನೆನಪಿದ್ದ ದಿನ ಸಂತೆಯ ವಾರವನ್ನೇ ಮರೆಯುತ್ತಿದ್ದರು. ಆದರೆ ಒಂದು ವಿಷಯದಲ್ಲಿ ಅವರನ್ನು ಮೀರಿಸುವವರು ಕೃಷ್ಣಗಿರಿಯಿಂದೀಚೆಗೆ ಇರಲಿಲ್ಲ. ಅದು ಕರೆಕ್ಷನ್ ಗುರುತು.

ಟೈಪಿಂಗ್ ಹೈಯರ್ ಪರೀಕ್ಷೆಯಲ್ಲಿ ಗೀಚು ಗೀಚಾಗಿ ಬರೆದ ಒಂದು ಹಾಳೆ ಕೊಡುತ್ತಾರೆ. ಅದರ ತುಂಬ ತಿದ್ದುಪಡಿಯ ಗುರುತುಗಳು. ಎರಡು ಪದಗಳ ನಡುವೆ ಬಿಲ್ಲಿನಂತೆ ಬಾಗಿದ ಗೆರೆ ಇದ್ದರೆ 'ನಡುವಿನ ಜಾಗ ತೆಗೆದು ಕೂಡಿಸು' ಎಂದರ್ಥ. ಕಿಟಕಿಯ ಸರಳಿನಂತೆ ಎರಡು ನಿಲುಗೆರೆ, ಎರಡು ಅಡ್ಡಗೆರೆ ಇದ್ದರೆ 'ಇಲ್ಲಿ ಜಾಗ ಬಿಡು'. ಚೌಕ ಕಂಸ ಇದ್ದರೆ 'ಹೊಸ ಸಾಲು'. ಇದನ್ನೆಲ್ಲ ಪಾಲಿಸಿ, ಗುರುತೊಂದೂ ಉಳಿಯದಂತೆ ಶುದ್ಧಪ್ರತಿ ಹೊಡೆಯಬೇಕು.

"ಗುರುತು ಕಾಣಬಾರದು, ಗುರುತು ಹೇಳಿದ ಕೆಲಸ ಕಾಣಬೇಕು" ಎಂಬುದು ಮೇಷ್ಟ್ರ ಉಪದೇಶ. ಅವರ ಕೆಂಪು ಪೆನ್ಸಿಲಿಗೆ ಮದುವೆಯ ಲಗ್ನಪತ್ರಿಕೆಯೂ ಒಂದೇ, ಸಿನಿಮಾ ಪೋಸ್ಟರೂ ಒಂದೇ. ಒಮ್ಮೆ ಹೆಂಡತಿ ಗಂಗರತ್ನಮ್ಮನವರು ಬಾಗಿಲಲ್ಲಿ ಹಾಕಿದ ರಂಗೋಲಿಯ ಎರಡು ಎಳೆಗಳ ನಡುವೆ ಸುಣ್ಣದಲ್ಲಿ ಬಿಲ್ಲು ಬರೆದು 'ಕೂಡಿಸು' ಎಂದು ಸೂಚಿಸಿದ್ದರು. ಅಂದು ಗಂಗರತ್ನಮ್ಮನವರು ಮುದ್ದೆಗೆ ಸಾರು ಬಡಿಸಲಿಲ್ಲ.

ಇಂಥ ಮೇಷ್ಟ್ರ ಬಳಿ ಒಂದು ಬೆಳಗ್ಗೆ ಪಂಪು ತಯಾರಿಸುವ ಕಾರ್ಖಾನೆಯ ಪರ್ಸೊನೆಲ್ ಆಫೀಸರ್ ರಾಮಕೃಷ್ಣಪ್ಪ ಬಂದರು. ತುಮಕೂರಿನ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು, ಮೆದುಮಾತಿನ ಮನುಷ್ಯ.

"ಮೇಷ್ಟ್ರೇ, ನಮ್ಮ ಜಿ.ಎಂ. ಸಾಹೇಬರ ಮನೆಯವರು ಶ್ಯಾಮಲಮ್ಮ ಅಂತ. ಕಂಪನಿಗೇ ಒಂದು ಹಾಡು ಕಟ್ಟಿದ್ದಾರೆ. ವಾರ್ಷಿಕೋತ್ಸವದಲ್ಲಿ ಬ್ಯಾಂಡಿನವರು ನುಡಿಸ್ಬೇಕು. ಎಲ್ಲರಿಗೂ ಒಂದೊಂದು ಪ್ರತಿ ಬೇಕಲ್ಲ, ಸ್ಟೆನ್ಸಿಲ್ ಹೊಡೆದು ಸೈಕ್ಲೋಸ್ಟೈಲ್ ಮಾಡ್ಕೊಡೋಕೆ ಆಗುತ್ತಾ? ಆಗ್ದಿದ್ರೆ ಹೇಳಿ, ಬೆಂಗಳೂರಿಗೆ ಕಳಿಸ್ತೀವಿ."

ಕೊನೆಯ ವಾಕ್ಯವನ್ನು ರಾಮಕೃಷ್ಣಪ್ಪ ಆಡಬಾರದಿತ್ತು.

"ಬೆಂಗಳೂರಿಗೆ?" ಎಂದರು ಅಶ್ವತ್ಥಪ್ಪ. "ಸಾರ್, ಟೈಪ್ ಮಿಷನ್ನಲ್ಲಿ ಆಗದೇ ಇರೋದು ಪ್ರಪಂಚದಲ್ಲಿ ಒಂದೇ. ಅಡುಗೆ."

"ಇದು ಬರೀ ಅಕ್ಷರ ಅಲ್ಲ ಮೇಷ್ಟ್ರೇ, ಸಂಗೀತ. ಬಿಳಿಯೋರ ಪದ್ಧತಿ."

"ಮಿಷನ್ ಮಾಡಿದೋರೂ ಬಿಳಿಯೋರೇ ಅಲ್ವಾ ಸಾರ್?"

ರಾಮಕೃಷ್ಣಪ್ಪ ಹಾಡಿನ ಹಾಳೆಯನ್ನು ಮೇಷ್ಟ್ರ ಮೇಜಿನ ಮೇಲಿಟ್ಟು ಎದ್ದರು. ಹೋಗುವಾಗ ಮೆಟ್ಟಿಲ ಬಳಿ ನಿಂತು, "ಇದು ಚೆನ್ನಾಗಿ ಬಂದ್ರೆ ಆಫೀಸಿಗೆ ಬೇಕಾದ ಟೈಪಿಸ್ಟುಗಳನ್ನೂ ನಿಮ್ಮಲ್ಲಿಂದ್ಲೇ ತಗೊಳ್ಳೋಣ ಅಂದಿದ್ದಾರೆ ಸಾಹೇಬ್ರು" ಎಂದರು. ಟಕಟಕ ಎನ್ನುತ್ತಿದ್ದ ಮಿಷನ್ನುಗಳೆಲ್ಲ ಒಮ್ಮೆಗೇ ನಿಂತವು. ಡೆಂಕಣಿಕೋಟೆಯಿಂದ ದಿನವೂ ಮೊದಲ ಬಸ್ಸಿಗೆ ಬರುತ್ತಿದ್ದ ಚೆಲುವಮ್ಮನಂತೂ ಬೆರಳನ್ನು ಕೀಲಿಯ ಮೇಲೆ ಇಟ್ಟುಕೊಂಡೇ ಕುಳಿತುಬಿಟ್ಟಳು. ಅವಳು ಹೈಯರ್ ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದವಳು; ಮನೆಯಲ್ಲಿ ಮದುವೆಯ ಮಾತು ಎತ್ತುವ ಮೊದಲು ಕೈಯಲ್ಲೊಂದು ಕೆಲಸ ಇರಲಿ ಎಂಬುದು ಅವಳ ಲೆಕ್ಕಾಚಾರ.

ಮೇಷ್ಟ್ರು ಹಾಳೆ ಬಿಡಿಸಿದರು. ಐದೈದು ಗೆರೆಗಳ ಸಾಲುಗಳು. ಗೆರೆಗಳ ಮೇಲೂ ನಡುವೆಯೂ ಬಾಲವಿದ್ದ ಚುಕ್ಕೆಗಳು. ಅದು ತಲೆಗೆ ಹತ್ತಲಿಲ್ಲ. ಆದರೆ ಚುಕ್ಕೆಗಳ ಪಕ್ಕದಲ್ಲಿ ಕಂಡದ್ದನ್ನು ನೋಡಿ ಅವರ ಮುಖ ಅರಳಿತು. ಅಲ್ಲೊಂದು ಇಲ್ಲೊಂದು ಕಿಟಕಿ ಸರಳಿನ ಗುರುತು! ಚುಕ್ಕೆಯಿಂದ ಚುಕ್ಕೆಗೆ ಬಾಗಿದ ಬಿಲ್ಲು! ಒಂದೆರಡು ಕಡೆ ಚೌಕ ಕಂಸದಂಥದ್ದು! ಪರದೇಶದಲ್ಲಿ ಸ್ವಂತ ಊರಿನವರು ಸಿಕ್ಕಂತಾಯಿತು ಮೇಷ್ಟ್ರಿಗೆ.

"ಪಾಪ, ಆಯಮ್ಮ ಎಷ್ಟೊಂದು ತಪ್ಪು ಮಾಡ್ಕಂಡವ್ರೆ ನೋಡು" ಎಂದು ಸಂಜೆ ಹೆಂಡತಿಗೆ ತೋರಿಸಿದರು. "ಮಾಡಿ, ತಾವೇ ತಿದ್ಕಂಡವ್ರೆ. ದೊಡ್ಡ ಮನಸ್ಸು."

ಗಂಗರತ್ನಮ್ಮ ಹಾಳೆಯನ್ನು ದೂರ ಹಿಡಿದು ನೋಡಿದರು. "ನಂಗೇನೋ ಹಗ್ಗದ ಮ್ಯಾಲೆ ಹುಣಿಸೇಬೀಜ ಒಣಗಾಕ್ದಂಗೆ ಕಾಣ್ತದೆ. ಗೊತ್ತಿಲ್ದೋರ ಸೊತ್ತು, ಸುಮ್ನೆ ಇದ್ದದ್ದು ಇದ್ದಂಗೆ ಹೊಡೀರಿ."

"ಇದ್ದದ್ದು ಇದ್ದಂಗೆ ಹೊಡ್ಯೋಕೆ ಟೈಪ್ ಮೇಷ್ಟ್ರು ಯಾಕೆ ಬೇಕು?" ಎಂದರು ಅಶ್ವತ್ಥಪ್ಪ.

ಮರುದಿನ ಮೇಣದ ಸ್ಟೆನ್ಸಿಲ್ ಹಾಳೆ ಏರಿಸಿ ಕುಳಿತರು; ಕೀಲಿ ಬಿದ್ದಲ್ಲಿ ಮೇಣ ಸೀಳುತ್ತದೆ, ಆ ಸೀಳಿನಲ್ಲಿ ಮಸಿ ಇಳಿದು ಪ್ರತಿ ಬೀಳುತ್ತದೆ. ಗೆರೆಗೆ ಅಂಡರ್‌ಲೈನ್, ಚುಕ್ಕೆಗೆ ಫುಲ್‌ಸ್ಟಾಪ್, ಬಾಲಕ್ಕೆ ಓರೆಗೆರೆಯ ಕೀಲಿ ಒತ್ತುತ್ತ, ಸರಳು ಗುರುತು ಇದ್ದ ಕಡೆಯಲ್ಲೆಲ್ಲ ಧಾರಾಳವಾಗಿ ಜಾಗ ಬಿಟ್ಟರು. ಬಿಲ್ಲು ಇದ್ದ ಕಡೆ ಚುಕ್ಕೆಗಳನ್ನು ಒಂದರ ಮೈಗೊಂದು ಅಂಟಿಸಿ ಕೂಡಿಸಿದರು. ಕಂಸದಂತೆ ಕಂಡಲ್ಲಿ ಹೊಸ ಸಾಲು. ಕೆಲವು ಚುಕ್ಕೆಗಳ ಮುಂದೆ ಇಂಗ್ಲಿಷಿನ ಸಣ್ಣ ಬೀ ಅಕ್ಷರ ಇತ್ತು. 'ಬಾಟಮ್' ಎಂದಿರಬೇಕೆಂದು ಊಹಿಸಿ ಅವನ್ನು ಒಂದೊಂದು ಗೆರೆ ಕೆಳಕ್ಕಿಳಿಸಿದರು. ಕೊನೆಗೆ ಬಂದ ಪ್ರತಿ ಎಷ್ಟು ಚೊಕ್ಕಟವಾಗಿತ್ತೆಂದರೆ ರಾಮಕೃಷ್ಣಪ್ಪನವರು ಅದನ್ನು ಕಂಡು, "ಮೂಲಕ್ಕಿಂತ ಇದೇ ಚೆನ್ನಾಗಿದೆ" ಎಂದುಬಿಟ್ಟರು.

ಪ್ರತಿಗಳು ದೊಡ್ಡಣ್ಣನ ಬ್ಯಾಂಡಿಗೆ ಹೋದವು. ದೊಡ್ಡಣ್ಣ ಬೆಂಗಳೂರಿನ ಒಂದು ಮಿಲಿಟರಿ ಬ್ಯಾಂಡಿನಲ್ಲಿ ಟ್ರಂಪೆಟ್ ಊದಿ ಪಿಂಚಣಿ ಪಡೆದವನು. ಊರಿಗೆ ಬಂದು ಹತ್ತಾರು ಜನರಿಗೆ ಕೆಂಪು ಕೋಟು ತೊಡಿಸಿ, ಅಷ್ಟಿಷ್ಟು ನೊಟೇಶನ್ ಓದುವುದನ್ನೂ ಕಲಿಸಿ, ಮದುವೆ ದಿಬ್ಬಣಗಳಿಗೆ ನುಡಿಸುತ್ತಿದ್ದ. ಮಿಲಿಟರಿಯಿಂದ ತಂದ ಒಂದು ಶಿಸ್ತು ಅವನಲ್ಲಿತ್ತು. ಕಾಗದದಲ್ಲಿ ಇರುವುದನ್ನು ಊದಬೇಕು, ಇಲ್ಲದ್ದನ್ನು ಊದಬಾರದು, ಯಾಕೆಂದು ಕೇಳಬಾರದು.

ಅಭ್ಯಾಸ ನಡೆದದ್ದು ಪಾಪಣ್ಣನ ಮಿಷನ್ನಿನ ಹಿಂದಿನ ಬಯಲಿನಲ್ಲಿ. ಬ್ಯಾಂಡು ಶುರುವಾಯಿತು. ಎರಡು ಸ್ವರ ಬಂತು, ನಿಂತಿತು. ಮೌನ. ಮತ್ತೊಂದು ಸ್ವರ, ಮತ್ತೆ ಮೌನ. ಆಮೇಲೆ ಇದ್ದಕ್ಕಿದ್ದಂತೆ ಐದಾರು ಸ್ವರಗಳು ಒಂದರ ಮೇಲೊಂದು ಬಿದ್ದು ಹೊರಳಾಡಿದವು. ಬಿಕ್ಕಳಿಕೆ ಹತ್ತಿದ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿದ ಹಾಗಿತ್ತು.

ಪಾಪಣ್ಣ ಮಿಷನ್ ನಿಲ್ಲಿಸಿ ಹೊರಗೆ ಬಂದ. "ಲೋ ದೊಡ್ಡಣ್ಣ, ಇದು ಹೆಣ ಎತ್ತೋ ಬ್ಯಾಂಡೋ, ಹೆಣ್ಣು ಕರ‍್ಕಂಡ್ ಬರೋ ಬ್ಯಾಂಡೋ? ಒಂದು ಕಡೆ ಇರ್ಲಾ!"

"ಬರ‍್ದಿರೋದು ಊದ್ತೀವಿ ಕಣಣ್ಣ. ಜಾಗ ಬುಟ್ಟವ್ರೆ, ನಿಲ್ತೀವಿ. ಒತ್ತರಿಸವ್ರೆ, ಒತ್ತರಿಸ್ತೀವಿ."

ಅಷ್ಟರಲ್ಲಿ ಎದುರು ಮನೆಯ ನಾರಾಯಣಮ್ಮ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ ಬಂದಳು. ಊರಿನ ಯಾವ ಸಾವನ್ನೂ ತಪ್ಪಿಸಿಕೊಂಡವಳಲ್ಲ ಆಕೆ. "ಯಾರಪ್ಪಾ ಹೋಗ್ಬುಟ್ರು? ನಿನ್ನೆ ತಾನೆ ಎಲ್ಲಾ ಚೆಂದಾಗಿದ್ರಲ್ಲಾ!"

"ಯಾರೂ ಹೋಗಿಲ್ಲ ಕಣಮ್ಮ" ಎಂದ ಪಾಪಣ್ಣ.

"ಯಾರೂ ಇಲ್ವಾ?" ನಾರಾಯಣಮ್ಮನಿಗೆ ನಿರಾಸೆಯಾಯಿತು. ಆದರೆ ಆಕೆಯ ಅಳು ಕಂಡು ಇಡೀ ಬೀದಿ ಸೇರಿತ್ತು. ಗುಂಪು ಕಂಡು ಒಬ್ಬ ಪೊಲೀಸ್ ಕಾನ್‌ಸ್ಟೇಬಲ್ಲೂ ಸೈಕಲ್ ಇಳಿದ. ಸೇಲಂ ಕಡೆಯವನು, ಕನ್ನಡ ಇನ್ನೂ ಅರ್ಧ ಬೆಂದಿತ್ತು.

"ಎನ್ನಯ್ಯಾ ಇದು? ಯಾರು ಸೆತ್ತದು?"

"ಯಾರೂ ಸತ್ತಿಲ್ಲ ಸಾರ್, ಪ್ರಾಕ್ಟೀಸು" ಎಂದ ದೊಡ್ಡಣ್ಣ.

"ಸಾಯೋದಕ್ಕೆ ಪ್ರಾಕ್ಟೀಸಾ?"

ಈ ಗದ್ದಲದ ನಡುವೆ ಕಾರ್ಖಾನೆಯ ಕಾರು ಬಂದು ನಿಂತಿತು. ರಾಮಕೃಷ್ಣಪ್ಪನವರ ಜೊತೆ ಇಳಿದವರು ಶ್ಯಾಮಲಮ್ಮ. ಕೋಲಾರದ ಚಿನ್ನದ ಗಣಿಯ ಕ್ವಾರ್ಟರ್ಸಿನಲ್ಲಿ ಬೆಳೆದು, ಅಲ್ಲಿಯೇ ಒಬ್ಬ ಗಣಿ ಅಧಿಕಾರಿಯ ಹೆಂಡತಿಯಿಂದ ಪಿಯಾನೋ ಕಲಿತವರು. ತಾವು ಕಟ್ಟಿದ ಹಾಡನ್ನು ಮೊದಲ ಸಲ ಕಿವಿಯಾರೆ ಕೇಳಲು ಬಂದಿದ್ದರು. ದೊಡ್ಡಣ್ಣ ಸಲ್ಯೂಟು ಹೊಡೆದು, ಮೊದಲಿಂದ ಕೊನೆಯವರೆಗೂ ಊದಿಸಿದ.

ಶ್ಯಾಮಲಮ್ಮ ಬಣ್ಣಗೆಟ್ಟರು. ಒಬ್ಬನ ಕೈಯಿಂದ ಹಾಳೆ ಕಿತ್ತುಕೊಂಡು ನೋಡಿದರು. "ನನ್ನ ಶಾರ್ಪುಗಳೆಲ್ಲಿ? ಒಂದೂ ಇಲ್ಲ! ನನ್ನ ಶಾರ್ಪುಗಳನ್ನ ಯಾರು ತೆಗೆದದ್ದು?"

"ಏನೋ ಕಳಕಂಡವ್ರೆ ಪಾಪ, ಮೂಗುತಿ ಇರ್ಬೇಕು" ಎಂದು ನಾರಾಯಣಮ್ಮ ನೆಲ ತಡಕತೊಡಗಿದಳು. ಕಳ್ಳತನವೆಂದು ತಿಳಿದು ಕಾನ್‌ಸ್ಟೇಬಲ್ ನೆಟ್ಟಗಾದ. "ಶಾರ್ಪಾ? ಕತ್ತಿಯಾ? ಎತ್ತನೆ ಕತ್ತಿ, ಎಷ್ಟು ಕತ್ತಿ ಅಮ್ಮಾ? ಎಲ್ಲಿ ಇಟ್ಟಿದ್ರಿ?"

ಅದೇ ಕ್ಷಣಕ್ಕೆ ಅಶ್ವತ್ಥಪ್ಪನವರು ಮಾಳಿಗೆಯಿಂದ ಇಳಿದು ಬಂದು, ಎರಡೂ ಕೈ ಜೋಡಿಸಿದರು. "ನಮಸ್ಕಾರ ಮೇಡಂ. ನಾನೇ ಟೈಪ್ ಮೇಷ್ಟ್ರು. ತಮ್ಮ ತಪ್ಪುಗಳನ್ನೆಲ್ಲ ತಿದ್ದಿಬಿಟ್ಟಿದ್ದೀನಿ. ಒಂದು ಗುರುತೂ ಉಳಿಸಿಲ್ಲ."

ಕಾನ್‌ಸ್ಟೇಬಲ್ ಕತ್ತಿ ಮರೆತು ಮೇಷ್ಟ್ರತ್ತ ತಿರುಗಿದ.

"ನನ್ನ ತಪ್ಪುಗಳನ್ನ?" ಎಂದರು ಶ್ಯಾಮಲಮ್ಮ, ನಿಧಾನವಾಗಿ. "ಮೇಷ್ಟ್ರೇ, ಆ ಸರಳಿನ ಗುರುತಿದೆಯಲ್ಲ, ಅದು ಶಾರ್ಪು. ಸ್ವರವನ್ನ ಅರ್ಧ ಮೆಟ್ಟಿಲು ಏರಿಸು ಅಂತ. ಬೀ ಅಂದ್ರೆ ಫ್ಲಾಟು, ಅರ್ಧ ಮೆಟ್ಟಿಲು ಇಳಿಸು ಅಂತ. ಆ ಬಿಲ್ಲುಗಳು ಉಸಿರು. ನೀವು ನನ್ನ ಹಾಡಿನ ಮೆಟ್ಟಿಲೆಲ್ಲ ಕೆಡವಿ, ಉಸಿರು ಕಟ್ಟಿಸಿದ್ದೀರಿ!"

"ಅಂದ್ರೆ ಸಾವು ಆಗೈತೆ ಅನ್ನು" ಎಂದಳು ನಾರಾಯಣಮ್ಮ, ಸಮಾಧಾನದಿಂದ.

"ರಾಮಕೃಷ್ಣಪ್ಪನವರೇ, ಬೆಂಗಳೂರಿಗೆ ಕಳಿಸಿ. ಟೈಪಿಸ್ಟುಗಳನ್ನೂ ಬೆಂಗಳೂರಿಂದ್ಲೇ ತರಿಸೋಕೆ ಹೇಳ್ತೀನಿ. ಇಲ್ಲಿ ಕಲಿತವರು ನಾಳೆ ಕಂಪನಿಯ ಹೆಸರನ್ನೇ ತಿದ್ದಿಬಿಡ್ತಾರೆ."

ಮೆಟ್ಟಿಲ ಮೇಲೆ ಸಾಲಾಗಿ ನಿಂತಿದ್ದ ವಿದ್ಯಾರ್ಥಿಗಳಿಗೆ ಇದು ಕೇಳಿಸಿತು. ಅಶ್ವತ್ಥಪ್ಪ ತಿರುಗಿ ನೋಡಿದರು. ಚೆಲುವಮ್ಮ ಕಣ್ಣು ಕೆಳಗೆ ಹಾಕಿ ಬೆರಳಿನ ಕಾರ್ಬನ್ ಮಸಿ ಉಜ್ಜಿಕೊಳ್ಳುತ್ತಿದ್ದಳು. ಬೇರೆ ಯಾರಾದರೂ ಆಗಿದ್ದರೆ ಕ್ಷಮಿಸಿ ಎಂದು ಕಾಲಿಗೆ ಬೀಳುತ್ತಿದ್ದರೋ ಏನೋ. ಅಶ್ವತ್ಥಪ್ಪ ಕಾರಿನ ಬಾಗಿಲಿಗೆ ಅಡ್ಡ ನಿಂತರು.

"ಮೇಡಂ, ಪ್ರಶ್ನೆಪತ್ರಿಕೆ ಅರ್ಥ ಆಗ್ದೇ ಪರೀಕ್ಷೆ ಬರ‍್ದೆ, ಫೇಲಾದೆ. ಅದು ನ್ಯಾಯವೇ. ಆದ್ರೆ ಫೇಲಾದೋನಿಗೆ ಸರ್ಕಾರದಲ್ಲೂ ಸಪ್ಲಿಮೆಂಟರಿ ಅಂತ ಒಂದಿದೆ. ನಾಳೆ ನೀವು ಬಂದು ಪಕ್ಕದಲ್ಲಿ ಕೂತ್ಕೊಂಡು ಅರ್ಥ ಹೇಳಿ. ನಿಮ್ಮ ಒಂದೊಂದು ಗುರುತನ್ನೂ ಇದೇ ಮಿಷನ್ನಲ್ಲಿ ಹೊಡೀತೀನಿ. ಆಗ್ಲಿಲ್ಲಾಂದ್ರೆ ಬೋರ್ಡ್ ಇಳಿಸಿಬಿಡ್ತೀನಿ."

ಶ್ಯಾಮಲಮ್ಮ ಅವರನ್ನು ದಿಟ್ಟಿಸಿದರು. ಸಿಟ್ಟಿಗಿಂತ ಕುತೂಹಲ ಜಾಸ್ತಿಯಾಗಿರಬೇಕು. "ಬಿಲ್ಲುಗಳನ್ನೂ? ಟೈಪ್‌ರೈಟರಿನಲ್ಲಿ?"

"ಬಿಲ್ಲುಗಳನ್ನೂ" ಎಂದರು ಮೇಷ್ಟ್ರು. ಹೇಗೆ ಎಂದು ಅವರಿಗೆ ಆ ಕ್ಷಣದಲ್ಲಿ ಲವಲೇಶವೂ ಗೊತ್ತಿರಲಿಲ್ಲ.

ಮನೆಯಲ್ಲಿ ಗಂಗರತ್ನಮ್ಮನವರು ಸುಲಭದ ದಾರಿಯೊಂದನ್ನು ಸೂಚಿಸಿದರು. "ಮೊಳೆಯಂಥ ಕಡ್ಡಿ ತಗಂಡು ಸ್ಟೆನ್ಸಿಲ್ ಮ್ಯಾಲೆ ಗೀಚ್ಬಾರ್ದಾ? ಅಂಗೇ ಬರ್ತದಲ್ಲ."

"ಗೀಚೋಕೆ ನಾನೇನು ಕೋಳೀನಾ?" ಎಂದು ಮೇಷ್ಟ್ರು ಊಟ ಬಿಟ್ಟು ಎದ್ದರು.

ಮರುದಿನ ಶ್ಯಾಮಲಮ್ಮ ಬಂದರು. ಅಗಲದ ಹಾಳೆಯೂ ಹಿಡಿಸುವ, ಸ್ಟೇಟ್‌ಮೆಂಟ್ ಹೊಡೆಯುವ ಉದ್ದ ಕ್ಯಾರೇಜಿನ ಮಿಷನ್ನಿನ ಮುಂದೆ ಅಶ್ವತ್ಥಪ್ಪ, ಪಕ್ಕದ ಸ್ಟೂಲಿನಲ್ಲಿ ಶ್ಯಾಮಲಮ್ಮ, ಸುತ್ತಲೂ ಕ್ಲಾಸಿಗೆ ಕ್ಲಾಸೇ. ಮೊದಲ ಪಾಠ ಶಾರ್ಪಿನದು.

"ಒಂದು ಸಲ ಶಾರ್ಪ್ ಹಾಕಿದ್ರೆ ಆ ಸ್ವರ ಮತ್ತೆ ಬಂದಾಗ್ಲೂ ಏರಿಸಿಯೇ ನುಡಿಸ್ಬೇಕು. ಈ ನಿಲುಗೆರೆ ಇದೆಯಲ್ಲ, ಇಲ್ಲಿವರೆಗೆ. ಗೆರೆ ದಾಟಿದ್ರೆ ಶಾರ್ಪ್ ರದ್ದು. ನಡುವೆಯೇ ರದ್ದು ಮಾಡ್ಬೇಕಾದ್ರೆ ಈ ಚೌಕದಂಥ ಗುರುತು. ನ್ಯಾಚುರಲ್ ಅಂತ."

ಅಶ್ವತ್ಥಪ್ಪ ಕಣ್ಣು ಮುಚ್ಚಿ ಕೇಳಿಸಿಕೊಂಡು, ತಟ್ಟನೆ ತೊಡೆ ತಟ್ಟಿದರು. "ಶಿಫ್ಟ್ ಲಾಕ್!"

"ಏನು?"

"ಶಿಫ್ಟ್ ಲಾಕ್ ಒತ್ತಿದ್ರೆ ಬಿಡಿಸೋವರೆಗೂ ಎಲ್ಲಾ ದೊಡ್ಡಕ್ಷರ ಮೇಡಂ. ಶಾರ್ಪ್ ಅಂದ್ರೆ ಲಾಕು, ನ್ಯಾಚುರಲ್ ಅಂದ್ರೆ ಲಾಕ್ ಬಿಡ್ಸೋದು. ನಿಲುಗೆರೆ ಬಂದ್ರೆ ತಾನೇ ಬಿಟ್ಕೊಳ್ತದೆ. ಅಂದ್ರೆ ನಿಮ್ಮೋರು ನಮ್ಮ ಮಿಷನ್ ನೋಡ್ಕೊಂಡೇ ಸಂಗೀತ ಮಾಡವ್ರೆ!"

ಶ್ಯಾಮಲಮ್ಮನವರಿಗೆ ತಮ್ಮ ಗುರುವಿನ ಬಳಿ ವರ್ಷಗಟ್ಟಲೆ ಕಲಿತರೂ ಈ ಸತ್ಯ ಹೊಳೆದಿರಲಿಲ್ಲ. ಬಿಲ್ಲಿನ ಮೇಲೆ ಬೆರಳಿಟ್ಟು ಮುಂದಿನ ಪಾಠಕ್ಕೆ ಹೋದರು.

"ಈಗ ಬಿಲ್ಲು. ಒಂದೇ ಸ್ವರದಿಂದ ಅದೇ ಸ್ವರಕ್ಕೆ ಬಿಲ್ಲಿದ್ರೆ ಅದು 'ಟೈ'. ಎರಡನೇದನ್ನ ಬೇರೆಯಾಗಿ ಊದೋ ಹಾಗಿಲ್ಲ, ಮೊದಲನೇದನ್ನೇ ಹಿಡಿದಿರ್ಬೇಕು. ಒಂದು ಸ್ವರದಿಂದ ಬೇರೆ ಸ್ವರಕ್ಕೆ ಬಿಲ್ಲಿದ್ರೆ 'ಸ್ಲರ್'. ಉಸಿರು ಕಡೀದೆ ಜಾರಿಕೊಂಡು ಹೋಗ್ಬೇಕು."

"ಎರಡಕ್ಕೂ ಒಂದೇ ಗುರುತಾ? ಪರೀಕ್ಷೇಲಿ ಹಿಂಗೆ ಕೊಟ್ರೆ ಹುಡುಗ್ರು ಸ್ಟ್ರೈಕ್ ಮಾಡ್ತಾರೆ."

"ತುದೀಲಿ ಯಾರಿದ್ದಾರೆ ನೋಡಿ ಅರ್ಥ ಮಾಡ್ಕೋಬೇಕು ಮೇಷ್ಟ್ರೇ."

ಅಶ್ವತ್ಥಪ್ಪ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು. "ಗೊತ್ತಾಯ್ತು ಬಿಡಿ. ನಮ್ಮೂರಲ್ಲಿ 'ಪಾಲು ಕೊಡು' ಅಂದ್ರೆ ತೆಲುಗಿನೋರು ಚೊಂಬು ತಂದು ಹಾಲು ಹುಯ್ತಾರೆ, ಕನ್ನಡದೋರು ಆಸ್ತಿ ಕೇಳ್ದ ಅಂತ ದೊಣ್ಣೆ ತರ್ತಾರೆ. ಯಾರ ಬಾಗ್ಲಲ್ಲಿ ನಿಂತಿದ್ದೀವಿ ಅನ್ನೋದ್ರ ಮೇಲೆ ಐತೆ."

ಆಮೇಲೆ ಯುದ್ಧ ಶುರುವಾಯಿತು. ಸರಳಿನ ಕೀಲಿ ಆ ಮಿಷನ್ನಿನಲ್ಲಿ ಇರಲಿಲ್ಲ. ಎರಡು ಓರೆಗೆರೆ ಹೊಡೆದು, ಅವುಗಳ ಮೇಲೆ 'ಸಮ' ಚಿಹ್ನೆ ಹೊಡೆದರು, ಶಾರ್ಪು ಬಂತು. ಇಂಗ್ಲಿಷಿನ ದೊಡ್ಡ ಎಲ್ ಅಕ್ಷರ ಹೊಡೆದು ಅದರ ಮೈಮೇಲೆ ಏಳರ ಅಂಕಿ ಕೂರಿಸಿದರು; ನ್ಯಾಚುರಲ್ ಎದ್ದು ಬಂತು. ಸ್ಟೆನ್ಸಿಲ್ಲಿನಲ್ಲಿ ಓ ಅಕ್ಷರವನ್ನು ಜೋರಾಗಿ ಹೊಡೆದರೆ ನಡುವಿನ ಬಿಲ್ಲೆ ಉದುರಿ ತೂತಾಗುತ್ತದೆಂದು ಮೇಷ್ಟ್ರು ಜೀವಮಾನವೆಲ್ಲ ಹುಡುಗರನ್ನು ಬೈದಿದ್ದರು. ಈಗ ಬೇಕೆಂದೇ ಜೋರಾಗಿ ಹೊಡೆದರು. ಆ ತೂತಿನಲ್ಲಿ ಮಸಿ ಇಳಿದು ದುಂಡನೆಯ ಕರಿ ಚುಕ್ಕೆ ಬಿತ್ತು. ಮೆಲ್ಲಗೆ ಹೊಡೆದರೆ ಬಿಳಿ ಚುಕ್ಕೆ.

ಬಿಲ್ಲು ಮಾತ್ರ ಸತಾಯಿಸಿತು. ಮೇಷ್ಟ್ರು ಸ್ಟೆನ್ಸಿಲ್ ಹಾಳೆಯನ್ನೇ ಅಡ್ಡಲಾಗಿ ತಿರುಗಿಸಿ ಏರಿಸಿ, ದುಂಡು ಕಂಸದ ಕೀಲಿ ಒತ್ತಿದರು. ನೆಟ್ಟಗೆ ನಿಂತ ಕಂಸ, ಹಾಳೆ ತಿರುಗಿಸಿದರೆ ಮಲಗಿದ ಬಿಲ್ಲು! ಆದರೆ ಅದು ಬಿದ್ದದ್ದು ಎರಡು ಸಾಲು ಆಚೆ. ಎರಡನೆಯ ಹಾಳೆಯಲ್ಲಿ ಬಿಲ್ಲು ಸರಿಯಾಯಿತು, ಹಾಳೆ ಹರಿಯಿತು. ಮೂರನೆಯದರಲ್ಲಿ ಬಿಲ್ಲು ತಲೆಕೆಳಗಾಗಿ ದೋಣಿಯಾಯಿತು. ಕೆಳಗಿನಿಂದ ಪಾಪಣ್ಣ, "ಮೇಷ್ಟ್ರೇ, ಊಟಕ್ಕಾದ್ರೂ ಬನ್ನಿ!" ಎಂದು ಕೂಗಿದ. ಮೇಷ್ಟ್ರಿಗೆ ಕೇಳಿಸಲಿಲ್ಲ. ಚೆಲುವಮ್ಮ ಹಾಳೆಯ ಅಂಚು ಹಿಡಿದುಕೊಂಡಳು, ಶ್ಯಾಮಲಮ್ಮ ಸೆರಗು ಸಿಕ್ಕಿಸಿಕೊಂಡು ಗುರಿ ಹೇಳತೊಡಗಿದರು. "ಇನ್ನೊಂಚೂರು ಎಡಕ್ಕೆ ಮೇಷ್ಟ್ರೇ… ಹಾಂ, ಹೊಡೀರಿ!" ಹೊತ್ತಿಳಿಯುವ ವೇಳೆಗೆ ಹಾಡು ಎರಡು ಪುಟಗಳಲ್ಲಿ ಪೂರ್ತಿಯಾಗಿ ಕುಳಿತಿತ್ತು.

ಮೊದಲ ಪುಟದ ಕೊನೆಯ ಸ್ವರ ಮಾತ್ರ ಎರಡನೆಯ ಪುಟಕ್ಕೆ 'ಟೈ' ಆಗಿತ್ತು. ಅಂಥ ಕಡೆ ಬಿಲ್ಲನ್ನು ಎರಡು ತುಂಡು ಮಾಡಬೇಕು. ಅರ್ಧ ಈ ಪುಟದ ತುದಿಯಲ್ಲಿ, ಇನ್ನರ್ಧ ಆ ಪುಟದ ಮೊದಲಲ್ಲಿ. ಮೇಷ್ಟ್ರು ಖುದ್ದಾಗಿ ದೊಡ್ಡಣ್ಣನ ಬಳಿ ಹೋಗಿ ಎಚ್ಚರಿಸಿದರು. "ಇಲ್ಲಿ ಅರ್ಧ ಬಿಲ್ಲು ಐತೆ. ಇನ್ನರ್ಧ ಕಣ್ಣಿಗೆ ಬೀಳೋವರೆಗೂ ಸ್ವರ ಬಿಡಂಗಿಲ್ಲ ಕಣಪ್ಪಾ. ಜೀವ ಹೋದ್ರೂ ಸೈ."

"ಜೀವ ಹೋದ್ರೂ ಬಿಡಲ್ಲ ಮೇಷ್ಟ್ರೇ" ಎಂದ ದೊಡ್ಡಣ್ಣ. ಊರೆಲ್ಲ ನಕ್ಕ ಮೇಲೆ ಅವನೂ ಹಟ ತೊಟ್ಟಿದ್ದ.

ವಾರ್ಷಿಕೋತ್ಸವದ ಸಂಜೆ ಕಾರ್ಖಾನೆಯ ಬಯಲು ತುಂಬಿತ್ತು. ಧರ್ಮಪುರಿಯಿಂದ ಕಲೆಕ್ಟರ್ ಸಾಹೇಬರು ಬಂದಿದ್ದರು. ಅಶ್ವತ್ಥಪ್ಪನವರು ಇಸ್ತ್ರಿ ಅಂಗಿ ತೊಟ್ಟು ಗಂಗರತ್ನಮ್ಮನವರ ಜೊತೆ ಎರಡನೆಯ ಸಾಲಿನಲ್ಲಿ ಕುಳಿತಿದ್ದರು. ಬ್ಯಾಂಡಿನವರ ಕೈಗೆ ಮೊದಲ ಪುಟ ಹಂಚಿಯಾಗಿತ್ತು. ಎರಡನೆಯ ಪುಟದ ಕಟ್ಟು, ಮೊದಲನೆಯದು ಮುಗಿಯುವಾಗ ಹಂಚೋಣವೆಂದು ವೇದಿಕೆಯ ಹಿಂದಿನ ಮೇಜಿನ ಮೇಲಿತ್ತು.

ಕ್ಯಾಂಟೀನಿನ ವೆಂಕಟರಮಣಪ್ಪನಿಗೆ ಅದೇ ಹೊತ್ತಿಗೆ ಬಿಸಿ ಆಲೂಗೆಡ್ಡೆ ಬೋಂಡಾ ಇಳಿದಿತ್ತು, ಕೊಡಲು ಕಾಗದ ಮುಗಿದಿತ್ತು. ಮೇಜಿನ ಮೇಲಿನ ಕಟ್ಟು ಕಣ್ಣಿಗೆ ಬಿತ್ತು. ಅವನು ವಿವೇಚನೆ ಇಲ್ಲದವನಲ್ಲ, ತಿರುವಿ ನೋಡಿದ. ಕನ್ನಡವಿಲ್ಲ, ತಮಿಳಿಲ್ಲ, ಇಂಗ್ಲಿಷಿಲ್ಲ. ಬರೀ ಗೆರೆ, ಬರೀ ಚುಕ್ಕೆ. 'ಮಿಷನ್ ಕೆಟ್ಟು ಹಾಳಾದ ಕಾಗದ' ಎಂದು ತೀರ್ಮಾನಿಸಿ, ಜನಸಾಮಾನ್ಯರಿಗೆ ಹರಿದು ಅರ್ಧರ್ಧ, ಕಲೆಕ್ಟರಿಗೆ ಮರ್ಯಾದೆಯಿಂದ ಪೂರ್ತಿ ಹಾಳೆ, ಹೀಗೆ ಬೋಂಡಾ ಕಳಿಸಿದ.

ಬ್ಯಾಂಡ್ ಶುರುವಾಯಿತು. ಮೆಟ್ಟಿಲು ಮೆಟ್ಟಿಲಾಗಿ ಏರಿತು, ಜಾರಿತು, ತಿರುಗಿತು. ಶ್ಯಾಮಲಮ್ಮನವರ ಕಣ್ಣಿನಲ್ಲಿ ನೀರು ಬಂತು. ಮೊದಲ ಪುಟದ ಕೊನೆಯ ಸ್ವರ ಎತ್ತರದಲ್ಲಿ ಬಂದು ನಿಂತಿತು. ದೊಡ್ಡಣ್ಣ ಎರಡನೆಯ ಪುಟಕ್ಕಾಗಿ ಹಿಂದಕ್ಕೆ ಕಣ್ಣು ಹಾಯಿಸಿದ. ಮೇಜು ಖಾಲಿ.

ಸ್ವರ ನಿಲ್ಲಲಿಲ್ಲ. ದೊಡ್ಡಣ್ಣನ ಕೆನ್ನೆ ಊದಿತು, ಮುಖ ಕೋಟಿನ ಬಣ್ಣಕ್ಕೆ ತಿರುಗಿತು. ಉಸಿರು ಮುಗಿಯುವಾಗ ಹುಬ್ಬಿನಲ್ಲೇ ಕ್ಲಾರಿನೆಟ್ಟಿನವನಿಗೆ ಸನ್ನೆ ಮಾಡಿದ; ಅವನು ಹಿಡಿದುಕೊಂಡ. ಅವನು ಬಿಡುವಾಗ ಮತ್ತೊಬ್ಬ. ಎರಡನೆಯ ಪುಟವನ್ನು ಎಲ್ಲರೂ ಅಭ್ಯಾಸ ಮಾಡಿದ್ದರು, ಆದರೆ ಈ ಗಾಬರಿಯಲ್ಲಿ ಅದು ಯಾರ ತಲೆಯಲ್ಲೂ ಉಳಿದಿರಲಿಲ್ಲ. ಅದೂ ಅಲ್ಲದೆ ಇನ್ನರ್ಧ ಬಿಲ್ಲು ಕಂಡಿರಲಿಲ್ಲ.

ಇಷ್ಟುದ್ದದ ಸ್ವರ ಬಂದಾಗ ಏನೋ ಗೌರವದ ಘಟ್ಟ ಇರಬೇಕೆಂದು ಕಲೆಕ್ಟರ್ ಎದ್ದು ನಿಂತರು. ಕಲೆಕ್ಟರ್ ಎದ್ದರೆ ಜಿ.ಎಂ. ಕೂರುವುದುಂಟೆ? ಜಿ.ಎಂ. ಎದ್ದರು, ಸಭೆಯೆಲ್ಲ ಎದ್ದಿತು. ಎಲ್ಲರ ಕೈಯಲ್ಲೂ ಬೋಂಡಾ. ತಿನ್ನುವಂತಿಲ್ಲ, ಬಿಡುವಂತಿಲ್ಲ.

"ಏನ್ರೀ" ಎಂದು ಗಂಗರತ್ನಮ್ಮ ಪಿಸುಗುಟ್ಟಿದರು, "ಈ ಬೋಂಡಾ ಕಾಗ್ದ ನೀವು ಹೊಡ್ದಿದ್ದೇ ಅಲ್ವಾ?"

ಅಶ್ವತ್ಥಪ್ಪ ನೋಡಿದರು. ಎರಡನೆಯ ಪುಟದ ಕೆಳಗಿನರ್ಧ. ಪಕ್ಕದವರದು ನೋಡಿದರು, ಅದೂ ಕೆಳಗಿನರ್ಧ. ಮುಂದಿನ ಸಾಲಿನಲ್ಲಿ, ಕಲೆಕ್ಟರ್ ಸಾಹೇಬರ ಅಂಗೈಯಲ್ಲಿ, ಬೋಂಡಾದ ಅಂಚಿನಿಂದ ಅರ್ಧ ಬಿಲ್ಲು ಇಣುಕುತ್ತಿತ್ತು.

ಅಲ್ಲಿದ್ದವರು ಇವತ್ತಿಗೂ ಹೇಳುತ್ತಾರೆ, ಟೈಪ್ ಮೇಷ್ಟ್ರು ಅಷ್ಟು ನೆಟ್ಟಗೆ ನಡೆದದ್ದನ್ನು ಹಿಂದೆಂದೂ ಕಂಡಿರಲಿಲ್ಲವಂತೆ. ಸೀದಾ ಕಲೆಕ್ಟರ ಮುಂದೆ ನಿಂತು ಕೈಮುಗಿದು, ಮೊದಲು ತಮಿಳಿನಲ್ಲೇ ಕ್ಷಮೆ ಕೇಳಿದರು.

"ಸಾರ್, ಮನ್ನಿಚ್ಚಿಡುಂಗ. ಹಾಡಿನ ಮಿಕ್ಕ ಭಾಗ ತಮ್ಮ ಬೋಂಡಾ ಕೆಳಗೈತೆ."

"ಎನ್ನ?" ಎಂದರು ಕಲೆಕ್ಟರ್. ಅಷ್ಟರಲ್ಲಿ ಕಾಗದ ಮೇಷ್ಟ್ರ ಕೈಯಲ್ಲಿತ್ತು, ಬೋಂಡಾ ಮಾತ್ರ ಕಲೆಕ್ಟರ ಅಂಗೈಯಲ್ಲೇ ಉಳಿದಿತ್ತು. ಪೊಲೀಸಿನವರು ಹೌಹಾರಿ ಮುಂದೆ ಬರುವ ಮೊದಲೇ ಅಶ್ವತ್ಥಪ್ಪ ವೇದಿಕೆ ಹತ್ತಿ, ಎಣ್ಣೆ ಸೋರುವ ಹಾಳೆಯನ್ನು ಎರಡೂ ಕೈಯಲ್ಲಿ ಬಿಡಿಸಿ ದೊಡ್ಡಣ್ಣನ ಮೂಗಿನ ಮುಂದೆ ಹಿಡಿದು ನಿಂತರು.

ದೊಡ್ಡಣ್ಣನ ಕಣ್ಣಿಗೆ ಇನ್ನರ್ಧ ಬಿಲ್ಲು ಬಿತ್ತು. ಹಾಡು ಅಣೆಕಟ್ಟೆ ಒಡೆದ ನೀರಿನಂತೆ ಮುಂದಕ್ಕೆ ನುಗ್ಗಿತು. ಉಳಿದವರು ಅವನ ಹಿಂದೆ ಕಿವಿಯಿಂದಲೇ ಬಂದರು. ಎಲ್ಲ ಸುಸೂತ್ರವಾಗಿ ಸಾಗಿ, ಕೊನೆಯ ಸಾಲಿಗೆ ಬಂದಾಗ, ದೊಡ್ಡಣ್ಣ ಇದ್ದಕ್ಕಿದ್ದಂತೆ ಒಂಟಿಯಾಗಿ, ಎಲ್ಲರಿಗಿಂತ ಎತ್ತರದಲ್ಲಿ, ಒಂದೇ ಒಂದು ಸ್ವರ ಊದಿದ. ಹೊತ್ತಿಲ್ಲದ ಹೊತ್ತಿನಲ್ಲಿ ಕೂಗಿದ ನವಿಲಿನಂತಿತ್ತು. ಅಶ್ವತ್ಥಪ್ಪ ಬೆಚ್ಚಿ ಹಾಳೆ ನೋಡಿದರು. ಎಲ್ಲಕ್ಕಿಂತ ಮೇಲಿನ ಐದನೆಯ ಗೆರೆಯ ಮೇಲೆ ಬೋಂಡಾದ ಸಾಸಿವೆ ಕಾಳೊಂದು ಅಂಟಿಕೊಂಡಿತ್ತು. ಕಾಗದದಲ್ಲಿ ಇರುವುದನ್ನು ದೊಡ್ಡಣ್ಣ ಬಿಡುವವನಲ್ಲ.

ಚಪ್ಪಾಳೆ ಮೊದಲು ಹೊಡೆದವರು ಕಲೆಕ್ಟರ್, ಬೋಂಡಾ ಬಾಯಿಗೆ ಹಾಕಿಕೊಂಡು. "ಕಡೈಸಿಯಿಲೆ ಅಂದ ಒರು ನೋಟ್… ಪ್ರಮಾದಂ!" ಎಂದು ಜಿ.ಎಂ. ಕೈ ಕುಲುಕಿದರು; ಕೊನೆಯ ಆ ಒಂದು ಸ್ವರ ಅಮೋಘ ಎಂದು ಅದರರ್ಥ, ತಮಿಳಿನ ಪ್ರಮಾದ ತಪ್ಪಲ್ಲ, ಮೆಚ್ಚುಗೆ. ಭಾಷಣದಲ್ಲಿ ಆ ಉದ್ದ ಸ್ವರವನ್ನು ನೆನೆದು, ಉಸಿರು ಹೋದರೂ ಕೆಲಸ ಬಿಡದ ಕಾರ್ಮಿಕರ ನಿಷ್ಠೆ ಅದರಲ್ಲಿ ಕಂಡಿತೆಂದರು. ಜಿ.ಎಂ. ಸಾಹೇಬರು ಅದನ್ನು ತಾವೇ ಯೋಚಿಸಿದ್ದೆಂಬಂತೆ ತಲೆಯಾಡಿಸಿದರು.

ಮುಂದಿನ ವಾರ ಕಾರ್ಖಾನೆಯ ಆಫೀಸಿಗೆ ಟೈಪಿಸ್ಟುಗಳನ್ನು ಅಶ್ವತ್ಥಪ್ಪನವರ ಇನ್‌ಸ್ಟಿಟ್ಯೂಟಿನಿಂದಲೇ ಆರಿಸಿದರು. ಚೆಲುವಮ್ಮ ಮೊದಲ ದಿನ ಕೆಲಸ ಮುಗಿಸಿ ಬಂದವಳು ಮೇಷ್ಟ್ರಿಗೆ ಬಾಳೆಹಣ್ಣು ಕೊಟ್ಟು, ಬಸ್ಸಿಗೆ ಓಡಿದಳು.

ಅದರ ಮಾರನೆಯ ಬೆಳಗ್ಗೆ ಶ್ಯಾಮಲಮ್ಮ ಮಾಳಿಗೆ ಹತ್ತಿ ಬಂದರು. ಮುಖದಲ್ಲಿ ಸ್ವಲ್ಪ ಸಂಕೋಚ.

"ಮೇಷ್ಟ್ರೇ, ಫ್ಯಾಕ್ಟರಿ ಶಿಫ್ಟ್ ಬಿಟ್ಟಾಗ ಹುಡುಗರೆಲ್ಲ ಹಾಡನ್ನ ಸಿಳ್ಳೆ ಹಾಕ್ಕೊಂಡು ಹೋಗ್ತಾರೆ. ಆ ಸಾಸಿವೆ ಸ್ವರವನ್ನೂ ಸೇರಿಸಿಯೇ. ಮನೇಲಿ ಪಿಯಾನೋ ಮೇಲೆ ಅದಿಲ್ಲದೆ ನುಡಿಸಿ ನೋಡಿದೆ. ಉಪ್ಪಿಲ್ಲದ ಹಾಗಾಯ್ತು. ಅದನ್ನ ಸೇರಿಸಿ ಹೊಸ ಸ್ಟೆನ್ಸಿಲ್ ಹೊಡೀಬೇಕು."

"ಬಾಯಲ್ಲಿ ಹೇಳಿದ್ರೆ ಆಗಲ್ಲ ಮೇಡಂ" ಎಂದರು ಅಶ್ವತ್ಥಪ್ಪ, ಅನುಭವದಿಂದ ಮಾಗಿದ ದನಿಯಲ್ಲಿ. "ಮೂಲ ಪ್ರತೀಲಿ ಗುರುತು ಹಾಕಿ ಕೊಡಿ. 'ಇಲ್ಲಿ ಹೊಸದನ್ನ ಸೇರಿಸು' ಅನ್ನೋಕೆ ನಮ್ಮಲ್ಲಿ ಒಂದು ಗುರುತೈತೆ." ಕೆಂಪು ಪೆನ್ಸಿಲ್ ತೆಗೆದು, ಮೂಲದ ಕೊನೆಯ ಸಾಲಿನಲ್ಲಿ, ಎರಡು ಸ್ವರಗಳ ನಡುವೆ, ಗುಡಿಸಲಿನ ಸೂರಿನಂಥ ಪುಟ್ಟ ಗೋಪುರ ಬರೆದು ತೋರಿಸಿದರು.

ಶ್ಯಾಮಲಮ್ಮ ಅದನ್ನು ನೋಡಿ ನಕ್ಕುಬಿಟ್ಟರು. "ಇದು ನಮ್ಮಲ್ಲೂ ಇದೆ ಮೇಷ್ಟ್ರೇ. ಸ್ವರದ ನೆತ್ತಿ ಮೇಲೆ ಇದನ್ನಿಟ್ರೆ, ಇದ್ದ ಶಕ್ತಿಯೆಲ್ಲ ಹಾಕಿ ಜೋರಾಗಿ ಊದು ಅಂತ ಅರ್ಥ."

ಅಶ್ವತ್ಥಪ್ಪನವರು ಪೆನ್ಸಿಲ್ ಕೆಳಗಿಟ್ಟರು. ಇಂಥ ಕಡೆ ಒಂದು ಸಲ ಬಿದ್ದವರು ಅವರು. ಕನ್ನಡಕ ಏರಿಸಿಕೊಂಡು, ಬಹಳ ಗಂಭೀರವಾಗಿ ಕೇಳಿದರು:

"ಈಗ ಸೇರಿಸ್ಬೇಕೋ, ಜೋರು ಮಾಡ್ಬೇಕೋ? ಖಚಿತವಾಗಿ ಹೇಳಿ ಮೇಡಂ."

"ಎರಡೂ ಮಾಡಿ ಮೇಷ್ಟ್ರೇ" ಎಂದರು ಶ್ಯಾಮಲಮ್ಮ, ಸ್ಟೂಲು ಎಳೆದು ಕೂರುತ್ತ. "ಎರಡೂ ಮಾಡಿ."